ಬೇಸಿಕ್‌ನಲ್ಲೊಂದು ಕ್ಯಾಲ್ಕುಲೇಟರ್, ಅದಕ್ಕೊಂದು ಎರವಲು ಲೈಬ್ರರಿ



ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಹೊರಟ ಮಕ್ಕಳಿಂದ ಮೊದಲು ಏನನ್ನು ಬರೆಸಬೇಕು ಎಂದು ಶಿಕ್ಷಕರು ಕೇಳುವುದುಂಟು. ಒಂದು ಕ್ಯಾಲ್ಕುಲೇಟರ್ ಬರೆಸಿ ಎನ್ನುತ್ತೇನೆ ನಾನು. ಆಟದ ಪ್ರೋಗ್ರಾಂ ಓಡಿದರೆ ಸಾಕು, ಮಕ್ಕಳು ಅದರಲ್ಲಿ ಮುಳುಗಿಬಿಡುತ್ತಾರೆ, ಒಳಗೆ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಚಿತ್ರ ಮೂಡಿಸುವ ಪ್ರೋಗ್ರಾಂ ಕಣ್ಣಿಗೆ ಚೆಂದ ಕಂಡರೆ ಸರಿ ಎನಿಸಿಬಿಡುತ್ತದೆ. ಕ್ಯಾಲ್ಕುಲೇಟರಿನ ಉತ್ತರವನ್ನಾದರೆ ಯಾರು ಬೇಕಾದರೂ ಹಾಳೆಯ ಮೇಲೆ ಲೆಕ್ಕ ಮಾಡಿ ತಾಳೆ ನೋಡಬಹುದು. ಏಳನೆಯ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತು, ನಿನ್ನ ಲೆಕ್ಕ ತಪ್ಪು ಎಂದು ಧೈರ್ಯವಾಗಿ ಹೇಳಬಹುದು. ಆ ಧೈರ್ಯ ಬಾರದೆ ಕಂಪ್ಯೂಟರ್ ಕಲಿತು ಪ್ರಯೋಜನ ಕಡಿಮೆ.

ಇವತ್ತು ಆ ಕ್ಯಾಲ್ಕುಲೇಟರನ್ನು ಬೇಸಿಕ್ ಭಾಷೆಯಲ್ಲಿ ಕಟ್ಟುವುದು ಹೇಗೆ, ನಮ್ಮ ಕೈಮೀರಿದ ಭಾಗವನ್ನು ಹೊರಗಿನ ಒಂದು ಲೈಬ್ರರಿಯಿಂದ ಎರವಲು ತರುವುದು ಹೇಗೆ ಎಂಬುದನ್ನು ನೋಡೋಣ.

ಬೇಸಿಕ್ ಹುಟ್ಟಿದ್ದೇ ಕಲಿಯುವವರಿಗಾಗಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರ ಮೇ 1ರ ನಸುಕಿನಲ್ಲಿ ಅದರ ಮೊದಲ ಪ್ರೋಗ್ರಾಂ ಓಡಿತು. ಕಟ್ಟಿದವರು ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್, ಇಬ್ಬರೂ ಗಣಿತದ ಮೇಷ್ಟರು. ಕೆಮೆನಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು, ಎಳೆಯ ವಯಸ್ಸಿನಲ್ಲಿ ಐನ್‌ಸ್ಟೈನ್ ಅವರಿಗೆ ಸಹಾಯಕರಾಗಿದ್ದವರು. ಕಂಪ್ಯೂಟರ್ ಎಂದರೆ ವಿಜ್ಞಾನಿಗಳ ಸ್ವತ್ತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಇತಿಹಾಸ ಓದುವ ವಿದ್ಯಾರ್ಥಿಯೂ ಸಾಹಿತ್ಯ ಓದುವ ವಿದ್ಯಾರ್ಥಿಯೂ ಅದನ್ನು ಬಳಸಬೇಕು ಎಂದು ಈ ಇಬ್ಬರು ಹಟ ಹಿಡಿದರು. ಅದಕ್ಕೇ ಭಾಷೆಯ ಆದೇಶಗಳು ಅಷ್ಟು ಸರಳ. ಮೊದಲ ಬೇಸಿಕ್‌ನಲ್ಲಿ ಬಳಕೆದಾರನನ್ನು ಪ್ರಶ್ನೆ ಕೇಳುವ ಇನ್‌ಪುಟ್ ಎಂಬ ಆದೇಶವೇ ಇರಲಿಲ್ಲ. ಸಂಖ್ಯೆಗಳನ್ನೆಲ್ಲ ಡೇಟಾ ಎಂಬ ಸಾಲಿನಲ್ಲಿ ಮೊದಲೇ ಬರೆದಿಡಬೇಕಿತ್ತು. ಕೇಳಿ ಉತ್ತರ ಹೇಳುವ ಕ್ಯಾಲ್ಕುಲೇಟರ್ ಬರೆಯುವ ಸೌಕರ್ಯ ಕೆಲವು ವರ್ಷಗಳ ಮೇಲೆ ಬಂತು.

ನಮ್ಮ ದೇಶದ ಶಾಲೆಗಳಿಗೂ ಕಂಪ್ಯೂಟರ್ ಮೊದಲು ಕಾಲಿಟ್ಟದ್ದು ಬೇಸಿಕ್ ಜೊತೆಯಲ್ಲೇ. 1984-85ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಆಮೇಲೆ ಜಿಡಬ್ಲ್ಯೂ ಬೇಸಿಕ್, ಕ್ಯೂಬೇಸಿಕ್ ಎಂಬ ಬೇಸಿಕ್‌ಗಳು ಬಂದವು. ಈಗ ನಲವತ್ತು, ಐವತ್ತರ ಆಸುಪಾಸಿನಲ್ಲಿರುವ ಎಷ್ಟೋ ಎಂಜಿನಿಯರುಗಳ ಮೊದಲ ಪ್ರೋಗ್ರಾಂ 'ಟೆನ್ ಪ್ರಿಂಟ್' ಎಂದೇ ಶುರುವಾಗಿದ್ದೀತು.

ಸರಿ, ಪ್ರೋಗ್ರಾಂಗೆ ಬರೋಣ. ಇನ್‌ಪುಟ್ ಎಂದು ಬರೆದು ಒಂದು ಸಂಖ್ಯೆ ಕೇಳಿ, ಅದನ್ನು 'ಎ' ಎಂಬ ಹೆಸರಿನಲ್ಲಿ ಇಡಿ. ಇನ್ನೊಂದು ಇನ್‌ಪುಟ್‌ನಲ್ಲಿ ಚಿಹ್ನೆ ಕೇಳಿ: ಕೂಡಿಸುವುದೋ, ಕಳೆಯುವುದೋ, ಗುಣಿಸುವುದೋ, ಭಾಗಿಸುವುದೋ. ಮೂರನೆಯದರಲ್ಲಿ ಎರಡನೆಯ ಸಂಖ್ಯೆ, ಅದು 'ಬಿ'. ಚಿಹ್ನೆ ಪ್ಲಸ್ ಆಗಿದ್ದರೆ ಎ ಪ್ಲಸ್ ಬಿ ಅಚ್ಚು ಮಾಡು, ಮೈನಸ್ ಆಗಿದ್ದರೆ ಎ ಮೈನಸ್ ಬಿ ಅಚ್ಚು ಮಾಡು, ಹೀಗೆ ನಾಲ್ಕು ಸಾಲು. ಅಷ್ಟೇ, ಕ್ಯಾಲ್ಕುಲೇಟರ್ ಸಿದ್ಧ. ಬೇಸಿಕ್ ಕಲಿಯಲು ಕೂತ ಮೊದಲ ತಾಸಿನಲ್ಲೇ ಇದು ಮುಗಿಯುತ್ತದೆ, ಮಕ್ಕಳ ಮುಖ ಅರಳುತ್ತದೆ. ಬಹಳಷ್ಟು ಪಾಠಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ಮಟ್ಟಿಗೆ ಪಾಠ ಶುರುವಾಗುವುದೇ ಇಲ್ಲಿಂದ.

ಈ ಪುಟ್ಟ ಪ್ರೋಗ್ರಾಂಗೆ ಒಂದು ದೊಡ್ಡ ಲೆಕ್ಕ ಕೊಟ್ಟು ನೋಡಿ. ಲೆಕ್ಕವನ್ನು ನಮ್ಮ ನಾಡಿನಲ್ಲೇ ಹುಡುಕಬಹುದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ಅದರ ಗುಣಾಕಾರದ ಭಾಗದಲ್ಲಿ, ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವಂಥ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವನ್ನು ಕಂಠಾಭರಣ ಎಂದು ಕರೆದಿದ್ದಾನೆ. ಅವುಗಳಲ್ಲಿ ಒಂದು: 27994681 ಅನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿ. ಕ್ಯಾಲ್ಕುಲೇಟರನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ. ಒಂದು ಅಂಕಿ ತಪ್ಪಿದರೂ ಸರ ತುಂಡಾದದ್ದು ಕಣ್ಣಿಗೆ ಹೊಡೆದು ಕಾಣುತ್ತದೆ.

ಹಳೆಯ ಜಿಡಬ್ಲ್ಯೂ ಬೇಸಿಕ್‌ನಲ್ಲಿ ಈ ಲೆಕ್ಕ ಕೊಟ್ಟರೆ 1.234565 ಎಂದು ಬಂದು, ಪಕ್ಕದಲ್ಲಿ 'ಇ ಪ್ಲಸ್ ಹತ್ತು' ಎಂದು ಬರುತ್ತದೆ. ಸುಮಾರು ಇಷ್ಟು, ಹತ್ತರ ಹತ್ತನೆಯ ಘಾತದಿಂದ ಗುಣಿಸಿಕೊಳ್ಳಿ ಎಂದು ಅದರ ಅರ್ಥ. ಸಾಮಾನ್ಯ ವೇರಿಯಬಲ್, ಅಂದರೆ 'ಎ', 'ಬಿ' ಎಂದು ಹೆಸರಿಟ್ಟ ಜಾಗ, ಅಲ್ಲಿ ಏಳು ಅಂಕಿಗಳ ನಿಖರತೆಯನ್ನಷ್ಟೇ ಹಿಡಿದಿಡಬಲ್ಲದು, ಕೊನೆಯ ಅಂಕಿಗಳು ಕಳೆದೇಹೋಗುತ್ತವೆ. ಫ್ರೀಬೇಸಿಕ್ ಎಂಬ ಈಗಿನ ಬೇಸಿಕ್‌ನಲ್ಲಿ 32 ಬಿಟ್‌ಗಳ, ಅಂದರೆ ಸೊನ್ನೆ ಅಥವಾ ಒಂದು ಹಿಡಿಯುವ 32 ಸ್ಥಾನಗಳ, 'ಲಾಂಗ್' ಎಂಬ ಬಗೆಯ ವೇರಿಯಬಲ್ ಬಳಸಿದರೆ ಇನ್ನೂ ವಿಚಿತ್ರ. ಅಲ್ಲಿ ಬರುವ ಉತ್ತರ ಮೈನಸ್ 539247567. ಎರಡು ಧನ ಸಂಖ್ಯೆಗಳನ್ನು ಗುಣಿಸಿದರೆ ಋಣ ಸಂಖ್ಯೆ!

ಇದು ಯಾಕೆ ಹೀಗೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. 'ಲಾಂಗ್' ವೇರಿಯಬಲ್‌ನ 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಅದಕ್ಕೆ ಒಂದು ಕೂಡಿಸಿದರೆ ಯಂತ್ರ ಸುತ್ತಿಕೊಂಡು ಋಣ ಸಂಖ್ಯೆಗಳ ಇನ್ನೊಂದು ತುದಿಗೆ ಹೋಗಿಬಿಡುತ್ತದೆ. ನಮ್ಮ ಗುಣಲಬ್ಧ ಹೀಗೆ ಸುತ್ತು ಹಾಕಿ, ಅಲ್ಲಿಂದ ಏರುತ್ತಾ ಬಂದು, ಆ ಋಣ ಸಂಖ್ಯೆಯ ಬಳಿ ನಿಂತುಬಿಟ್ಟಿದೆ. ಪರದೆಯ ಮೇಲೆ ಎಚ್ಚರಿಕೆಯ ಒಂದು ಮಾತೂ ಇಲ್ಲ. ತಪ್ಪು ಉತ್ತರವನ್ನು ಅಷ್ಟು ಆತ್ಮವಿಶ್ವಾಸದಿಂದ ಕೊಡುವ ಯಂತ್ರವನ್ನು ಮಕ್ಕಳು ಒಮ್ಮೆಯಾದರೂ ಕಣ್ಣಾರೆ ನೋಡಬೇಕು.

64 ಬಿಟ್‌ಗಳ ವೇರಿಯಬಲ್ ಬಳಸಿದರೆ ಮಹಾವೀರನ ಸರ ಸರಿಯಾಗಿಯೇ ಬರುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಒಂದರಿಂದ ಇಪ್ಪತ್ತರವರೆಗಿನ ಸಂಖ್ಯೆಗಳನ್ನೆಲ್ಲ ಒಂದಕ್ಕೊಂದು ಗುಣಿಸುತ್ತಾ ಹೋಗಿ, ಅಂದರೆ ಇಪ್ಪತ್ತರ ಫ್ಯಾಕ್ಟೋರಿಯಲ್ ಕಂಡುಹಿಡಿಯಿರಿ, ಉತ್ತರ ಸರಿ ಇರುತ್ತದೆ. ಇಪ್ಪತ್ತೊಂದರಿಂದಲೂ ಗುಣಿಸಿ, ಮತ್ತೆ ಮೈನಸ್ ಚಿಹ್ನೆ ಬಂದು ಕೂರುತ್ತದೆ. ಇಷ್ಟು ದೊಡ್ಡ ಸಂಖ್ಯೆ ಯಾರಿಗೆ ಬೇಕು ಎನ್ನಬೇಡಿ. ಜಾಲತಾಣಗಳ ಗುಟ್ಟು ಕಾಯಲು ಬಳಸುವ ಆರ್‌ಎಸ್‌ಎ ಕೀಲಿಯ ಸಾಮಾನ್ಯ ಗಾತ್ರ 2048 ಬಿಟ್, ಅಂದರೆ 617 ಅಂಕಿಗಳ ಸಂಖ್ಯೆ. ಅಂಥವನ್ನು ಗುಣಿಸಿ ಭಾಗಿಸುವ ಕೆಲಸ ಪ್ರಪಂಚದ ಕಂಪ್ಯೂಟರುಗಳಲ್ಲಿ ಹಗಲೂ ರಾತ್ರಿ ನಡೆಯುತ್ತಿದೆ.

ಹೊರಗಿನ ಲೈಬ್ರರಿ ಬೇಕಾಗುವುದು ಈ ಹಂತದಲ್ಲಿ. ನಮಗಿಂತ ಮೊದಲು ಇದೇ ತೊಡಕನ್ನು ಎದುರಿಸಿ, ವರ್ಷಗಟ್ಟಲೆ ಕೂತು ಬಗೆಹರಿಸಿದವರು ಇದ್ದಾರೆ. ಅವರು ಬರೆದ ಫಂಕ್ಷನ್‌ಗಳ ಕಟ್ಟನ್ನು ನಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳಬಹುದು. ಈ ಪದ್ಧತಿ ಬೇಸಿಕ್‌ಗಿಂತ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1949ರ ಮೇ ತಿಂಗಳಲ್ಲಿ ಕೆಲಸ ಶುರುಮಾಡಿದ ಎಡ್‌ಸ್ಯಾಕ್ ಯಂತ್ರದ ಪಕ್ಕದಲ್ಲಿ ಒಂದು ಕಪಾಟು ಇತ್ತು. ಅದರೊಳಗೆ ತೂತು ಹೊಡೆದ ಕಾಗದದ ಪಟ್ಟಿಗಳು, ವರ್ಗಮೂಲಕ್ಕೆ ಒಂದು, ಸೈನ್ ಕೊಸೈನ್‌ಗೆ ಇನ್ನೊಂದು. ಬೇಕಾದವರು ತಮಗೆ ಬೇಕಾದ ಪಟ್ಟಿಯನ್ನು ತೆಗೆದು ತಮ್ಮ ಪಟ್ಟಿಗೆ ನಕಲು ಮಾಡಿಕೊಳ್ಳುತ್ತಿದ್ದರು. 1951ರ ಹೊತ್ತಿಗೆ ಅಂಥವು 80ಕ್ಕೂ ಹೆಚ್ಚು ಕೂಡಿದ್ದವು. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಯಂತ್ರಕ್ಕೆ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಬೇಸಿಕ್ ಬರೆದಾಗಲೂ ದಶಮಾಂಶ ಸಂಖ್ಯೆಗಳ ಗಣಿತವನ್ನು ಬರೆದುಕೊಟ್ಟದ್ದು ಮಾಂಟೆ ಡೇವಿಡಾಫ್ ಎಂಬ ಹಾರ್ವರ್ಡ್‌ನ ವಿದ್ಯಾರ್ಥಿ. ಗಣಿತದ ಭಾಗವನ್ನು ಬಲ್ಲವರಿಂದ ಪಡೆಯುವುದರಲ್ಲಿ ಸಣ್ಣತನವೇನೂ ಇಲ್ಲ.

ನಮ್ಮ ಕೆಲಸಕ್ಕೆ ತಕ್ಕ ಲೈಬ್ರರಿ ಜಿಎಂಪಿ. ಸ್ವೀಡನ್ನಿನ ಟಾರ್‌ಬ್ಯೋರ್ನ್ ಗ್ರಾನ್‌ಲುಂಡ್ ಅದರ ಮುಖ್ಯ ಕರ್ತೃ, ಮೊದಲ ಆವೃತ್ತಿ ಹೊರಬಂದದ್ದು 1991ರಲ್ಲಿ. ಮುಕ್ತ ತಂತ್ರಾಂಶ, ಯಾರಾದರೂ ದುಡ್ಡಿಲ್ಲದೆ ಬಳಸಬಹುದು, ತೆರೆದು ಓದಬಹುದು. ಅದರಲ್ಲಿ ಸಂಖ್ಯೆಯ ಉದ್ದಕ್ಕೆ ಕಂಪ್ಯೂಟರಿನ ಮೆಮೊರಿಯೇ ಮಿತಿ. ನಾನು ಬೇಸಿಕ್‌ಗೆ ಸೂಚಿಸುವುದು ಫ್ರೀಬೇಸಿಕ್. 2004ರಲ್ಲಿ ಆಂದ್ರೆ ವಿಕ್ಟರ್ ಶುರುಮಾಡಿದ ಈ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಕೂಡ ಮುಕ್ತ, ಉಚಿತ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಆ ಕಂಪೈಲರನ್ನು ಬರೆದಿರುವುದೂ ಬೇಸಿಕ್‌ನಲ್ಲೇ ಎಂಬುದು ಬೇಸಿಕ್ ಬರೀ ಮಕ್ಕಳಾಟದ ಭಾಷೆ ಎನ್ನುವವರಿಗೆ ಸಾಕಷ್ಟು ಉತ್ತರ.

ಜೋಡಿಸುವುದು ಹೇಗೆ? ಪ್ರೋಗ್ರಾಂನ ತಲೆಯಲ್ಲಿ ಹ್ಯಾಶ್ ಚಿಹ್ನೆ ಹಾಕಿ, ಇನ್‌ಕ್ಲೂಡ್ ಎಂದು ಬರೆದು, 'ಜಿಎಂಪಿ ಡಾಟ್ ಬಿಐ' ಎಂಬ ಕಡತವನ್ನು ಹೆಸರಿಸಬೇಕು. ಈ ಕಡತ ಫ್ರೀಬೇಸಿಕ್ ಜೊತೆಗೇ ಬರುತ್ತದೆ. ಲೈಬ್ರರಿಯಲ್ಲಿ ಯಾವ ಯಾವ ಫಂಕ್ಷನ್ ಇವೆ, ಅವಕ್ಕೆ ಏನೇನು ಕೊಡಬೇಕು ಎಂಬ ಘೋಷಣೆಗಳಷ್ಟೇ ಅದರಲ್ಲಿರುವುದು. ಲೆಕ್ಕ ಮಾಡುವ ನಿಜವಾದ ಲೈಬ್ರರಿಯನ್ನು ಬೇರೆಯಾಗಿ ತಂದುಕೊಳ್ಳಬೇಕು. ಉಬುಂಟುವಿನಲ್ಲಾದರೆ 'ಲಿಬ್‌ಜಿಎಂಪಿ ಡೆವ್' ಎಂಬ ಪ್ಯಾಕೇಜ್. ವಿಂಡೋಸ್‌ನಲ್ಲಿ ಒಂದು ಎಚ್ಚರ: ಕಂಪೈಲರ್ 32 ಬಿಟ್‌ನದಾದರೆ ಲೈಬ್ರರಿಯೂ 32 ಬಿಟ್‌ನದೇ ಇರಬೇಕು, 64 ಆದರೆ 64. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ, ತಮ್ಮ ಬೇಸಿಕ್ ಸಾಲುಗಳಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತಾರೆ.

ಇನ್ನು ಸಂಖ್ಯೆ ಲೈಬ್ರರಿಗೆ ದಾಟುವ ಬಗೆ. ಇನ್‌ಪುಟ್‌ನಲ್ಲಿ ಬಂದದ್ದನ್ನು ಸಂಖ್ಯೆಯಾಗಿ ತೆಗೆದುಕೊಂಡರೆ ಅಲ್ಲೇ ಅಂಕಿಗಳು ಉದುರಿಹೋಗುತ್ತವೆ. ಆದ್ದರಿಂದ ಅದನ್ನು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ ತೆಗೆದುಕೊಳ್ಳಬೇಕು. ಆಮೇಲೆ ನಾಲ್ಕು ಹೆಜ್ಜೆ. 'ಇನಿಟ್' ಎಂಬ ಫಂಕ್ಷನ್ ಕರೆದು ದೊಡ್ಡ ಸಂಖ್ಯೆಗೆ ಜಾಗ ಕೇಳಬೇಕು. 'ಸೆಟ್ ಸ್ಟ್ರಿಂಗ್' ಕರೆದು ಅಕ್ಷರಗಳ ಸಾಲನ್ನೂ, ಹತ್ತರ ಪದ್ಧತಿ ಎಂದು ತಿಳಿಸಲು 10 ಎಂಬ ಸಂಖ್ಯೆಯನ್ನೂ ಕೊಡಬೇಕು. 'ಮಲ್' ಕರೆದು ಗುಣಿಸಬೇಕು. 'ಗೆಟ್ ಸ್ಟ್ರಿಂಗ್' ಕರೆದು ಉತ್ತರವನ್ನು ಮತ್ತೆ ಅಕ್ಷರಗಳಾಗಿ ಪಡೆದು ಅಚ್ಚು ಮಾಡಬೇಕು. ಪೂರ್ಣಾಂಕಗಳ ಈ ಫಂಕ್ಷನ್‌ಗಳ ಹೆಸರುಗಳೆಲ್ಲ 'ಎಂಪಿಜೆಡ್' ಎಂದು ಶುರುವಾಗುತ್ತವೆ.

ಗುಣಿಸುವ ಹೆಜ್ಜೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೇಸಿಕ್‌ನಲ್ಲಿ ನಾವು 'ಸಿ ಸಮ ಎ ಇಂಟು ಬಿ' ಎಂದು ಬರೆದು ರೂಢಿ. ಇಲ್ಲಿ ಆವರಣದೊಳಗೆ ಮೂರು ಹೆಸರು: ಮೊದಲು ಉತ್ತರ ಇಡಬೇಕಾದ ಜಾಗ, ಆಮೇಲೆ ಗುಣಿಸಬೇಕಾದ ಎರಡು ಸಂಖ್ಯೆಗಳು. ಮೂರರ ಹಿಂದೆಯೂ ನಮ್ಮ ಇಮೇಲ್ ವಿಳಾಸದಲ್ಲಿರುವ ಆ ಸುರುಳಿ ಚಿಹ್ನೆ, 'ಅಟ್'. ಈ ವೇರಿಯಬಲ್ ಮೆಮೊರಿಯಲ್ಲಿ ಎಲ್ಲಿದೆಯೋ ಆ ವಿಳಾಸವನ್ನು ಕೊಡು ಎಂದು ಅದರ ಅರ್ಥ. ಜಿಎಂಪಿ ಬರೆದಿರುವುದು ಸಿ ಭಾಷೆಯಲ್ಲಿ, ಅದು ವಿಳಾಸ ಕೇಳುತ್ತದೆ. ಎರಡು ಭಾಷೆಗಳು ಕೂಡುವ ಜಾಗ ಇದು, ಇಲ್ಲಿ ಒಂದು ಚಿಹ್ನೆ ಬಿಟ್ಟರೂ ಕೆಲಸ ಕೆಡುತ್ತದೆ.

ಕೊನೆಗೆ ಇನ್ನೊಂದು ಕರ್ತವ್ಯ ಉಂಟು. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವ ಹಾಗೆ, 'ಕ್ಲಿಯರ್' ಎಂಬ ಫಂಕ್ಷನ್ ಕರೆದು ಕೇಳಿ ಪಡೆದ ಮೆಮೊರಿಯನ್ನು ಹಿಂದಕ್ಕೆ ಕೊಡಬೇಕು. ಒಂದು ಲೆಕ್ಕ ಮಾಡಿ ಮುಗಿಯುವ ಪ್ರೋಗ್ರಾಂನಲ್ಲಿ ಇದನ್ನು ಮರೆತರೂ ಏನೂ ಆದಂತೆ ಕಾಣುವುದಿಲ್ಲ. ಇಡೀ ದಿನ ಓಡುವ ಪ್ರೋಗ್ರಾಂನಲ್ಲಿ ಮರೆತರೆ ಮೆಮೊರಿ ನಿಧಾನವಾಗಿ ಖಾಲಿಯಾಗುತ್ತಾ ಬರುತ್ತದೆ. ಮೊದಲ ದಿನದಿಂದಲೇ ಈ ಅಭ್ಯಾಸ ಆಗಬೇಕು.

ಲೈಬ್ರರಿಯ ಒಳಗೆ ಏನಿದೆ ಎಂಬ ಕುತೂಹಲ ಒಳ್ಳೆಯ ವಿದ್ಯಾರ್ಥಿಗೆ ಬಂದೇ ಬರುತ್ತದೆ. ಒಂದು ಎಳೆಯನ್ನಾದರೂ ಬಿಚ್ಚಿ ತೋರಿಸಬೇಕು. ನಾವು ಶಾಲೆಯಲ್ಲಿ ಕಲಿತ ಪದ್ಧತಿಯಲ್ಲಿ ಎರಡಂಕಿಯ ಎರಡು ಸಂಖ್ಯೆಗಳನ್ನು ಗುಣಿಸಲು ನಾಲ್ಕು ಪುಟ್ಟ ಗುಣಾಕಾರ ಬೇಕು. ಮಾಸ್ಕೋದಲ್ಲಿ 1960ರಲ್ಲಿ ಹೆಸರಾಂತ ಗಣಿತಜ್ಞ ಕೊಲ್ಮೊಗೊರೊವ್, ಅಂಕಿಗಳು ಹೆಚ್ಚಿದ ಹಾಗೆ ಗುಣಾಕಾರದ ಶ್ರಮ ವರ್ಗದ ಪ್ರಮಾಣದಲ್ಲಿ ಹೆಚ್ಚುವುದು ಅನಿವಾರ್ಯ ಎಂದು ವಿಚಾರಗೋಷ್ಠಿಯಲ್ಲಿ ಊಹಿಸಿದರು. ಕೇಳಿಸಿಕೊಂಡಿದ್ದ 23 ವರ್ಷದ ವಿದ್ಯಾರ್ಥಿ ಅನತೊಲಿ ಕರತ್ಸುಬ ಒಂದು ವಾರದೊಳಗೆ ಅದು ಸುಳ್ಳೆಂದು ತೋರಿಸಿದ. ನಾಲ್ಕರ ಬದಲು ಮೂರೇ ಗುಣಾಕಾರ ಸಾಕು.

ಪೆನ್ಸಿಲ್ ಕೈಗೆತ್ತಿಕೊಳ್ಳಿ. 47 ಇಂಟು 23. ಹತ್ತರ ಸ್ಥಾನದ ಅಂಕಿಗಳು ನಾಲ್ಕು ಮತ್ತು ಎರಡು, ಗುಣಿಸಿದರೆ 8. ಬಿಡಿ ಸ್ಥಾನದವು ಏಳು ಮತ್ತು ಮೂರು, ಗುಣಿಸಿದರೆ 21. ಈಗ ನಾಲ್ಕು ಮತ್ತು ಏಳನ್ನು ಕೂಡಿಸಿ 11, ಎರಡು ಮತ್ತು ಮೂರನ್ನು ಕೂಡಿಸಿ 5, ಇವೆರಡನ್ನು ಗುಣಿಸಿ 55. ಈ 55ರಿಂದ 8 ಮತ್ತು 21ನ್ನು ಕಳೆದರೆ 26. ಎಂಟು ನೂರರ ಸ್ಥಾನಕ್ಕೆ, ಇಪ್ಪತ್ತಾರು ಹತ್ತರ ಸ್ಥಾನಕ್ಕೆ, ಇಪ್ಪತ್ತೊಂದು ಬಿಡಿಗೆ: 800, 260, 21. ಒಟ್ಟು 1081. ಎರಡಂಕಿಯಲ್ಲಿ ಈ ಉಳಿತಾಯ ಹೆಚ್ಚೇನೂ ಅನಿಸದು. ಸಾವಿರಾರು ಅಂಕಿಗಳ ಸಂಖ್ಯೆಯನ್ನು ಅರ್ಧ ಅರ್ಧವಾಗಿ ಒಡೆಯುತ್ತಾ ಹೋದರೆ ಪ್ರತಿ ಹಂತದಲ್ಲೂ ಕಾಲುಭಾಗ ಗುಣಾಕಾರ ಉಳಿತಾಯವಾಗುತ್ತದೆ. ಜಿಎಂಪಿ ಸಣ್ಣ ಸಂಖ್ಯೆಗಳಿಗೆ ನಮ್ಮ ಶಾಲೆಯ ಪದ್ಧತಿಯನ್ನೇ ಬಳಸುತ್ತದೆ, ಒಂದು ಗಾತ್ರ ದಾಟಿದ ಮೇಲೆ ಕರತ್ಸುಬನ ಪದ್ಧತಿಗೆ ಹೊರಳುತ್ತದೆ, ಇನ್ನೂ ದೊಡ್ಡದಾದರೆ ಇನ್ನೂ ಗಹನವಾದ ಪದ್ಧತಿಗಳಿಗೆ ಹೋಗುತ್ತದೆ.

ಭಿನ್ನರಾಶಿಯ ವಿಷಯ ಇನ್ನೂ ರಸವತ್ತಾದದ್ದು. ಸಾಮಾನ್ಯ ಬೇಸಿಕ್‌ನಲ್ಲಿ 'ಡಬಲ್' ಬಗೆಯ ವೇರಿಯಬಲ್ ಇಟ್ಟುಕೊಂಡು 0.1 ಅನ್ನು ಹತ್ತು ಸಲ ಕೂಡಿಸಿ. ಬಂದದ್ದು ಒಂದಕ್ಕೆ ಸಮವೇ ಎಂದು ಕೇಳಿ. ಅಲ್ಲ ಎನ್ನುತ್ತದೆ ಕಂಪ್ಯೂಟರ್. ಹತ್ತನೆಯ ಒಂದು ಭಾಗವನ್ನು ಎರಡರ ಘಾತಗಳಲ್ಲಿ ಬರೆಯಲು ಹೊರಟರೆ ಅದು ಮುಗಿಯುವುದೇ ಇಲ್ಲ, ಎಲ್ಲೋ ಒಂದು ಕಡೆ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಚೂರುಗಳ ಕೊರತೆ ಕೊನೆಗೆ ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಜಿಎಂಪಿಯಲ್ಲಿ 'ಎಂಪಿಕ್ಯೂ' ಎಂದು ಶುರುವಾಗುವ ಫಂಕ್ಷನ್‌ಗಳಿವೆ. ಅವು ಅಂಶವನ್ನೂ ಛೇದವನ್ನೂ ಬೇರೆ ಬೇರೆ ಪೂರ್ಣಾಂಕಗಳಾಗಿ ಇಟ್ಟುಕೊಳ್ಳುತ್ತವೆ. ಮಹಾವೀರಾಚಾರ್ಯ ಇಲ್ಲೂ ನಮ್ಮ ಜೊತೆಗಿದ್ದಾನೆ. ಅಂಶ ಒಂದೇ ಇರುವ ಭಿನ್ನರಾಶಿಗಳನ್ನು ಕೂಡಿಸಿ ಒಂದನ್ನು ಪಡೆಯುವ ಸೂತ್ರ ಅವನ ಗ್ರಂಥದಲ್ಲಿದೆ. ಎರಡನೆಯ ಒಂದು, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು: ಕೂಡಿಸಿ ನೋಡಿ, ಸರಿಯಾಗಿ ಒಂದು. ಈ ಲೆಕ್ಕವನ್ನು ಎಂಪಿಕ್ಯೂಗೆ ಕೊಟ್ಟರೆ ಒಂದು ಎಂದೇ ಬರುತ್ತದೆ, ಚೂರೂ ಕಡಿಮೆ ಇಲ್ಲ, ಹೆಚ್ಚಿಲ್ಲ.

ಎಷ್ಟೇ ದೊಡ್ಡ ಲೈಬ್ರರಿ ತಂದರೂ ಕೆಲವು ಕೆಲಸಗಳು ನಮ್ಮ ಪಾಲಿಗೇ ಉಳಿಯುತ್ತವೆ. ಸೊನ್ನೆಯಿಂದ ಭಾಗಾಕಾರ ಅವುಗಳಲ್ಲಿ ಮೊದಲನೆಯದು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಮಹಾವೀರ ಬರೆದ, ಅದು ಸರಿಯಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ ಅದನ್ನು ಖಹರ ಎಂದು ಕರೆದು ಅನಂತದ ಕಡೆಗೆ ಕೈ ತೋರಿಸಿದ. ಜಿಡಬ್ಲ್ಯೂ ಬೇಸಿಕ್ 'ಡಿವಿಷನ್ ಬೈ ಜೀರೋ' ಎಂದು ಎಚ್ಚರಿಸಿ, ತನಗೆ ಸಾಧ್ಯವಾದ ಅತಿ ದೊಡ್ಡ ಸಂಖ್ಯೆಯನ್ನು ಅಚ್ಚು ಮಾಡಿ ಮುಂದೆ ಹೋಗುತ್ತಿತ್ತು. ಜಿಎಂಪಿಗೆ ಸೊನ್ನೆಯಿಂದ ಭಾಗಿಸಲು ಹೇಳಿದರೆ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಭಾಗಿಸುವ ಮುನ್ನ ಭಾಜಕ ಸೊನ್ನೆಯೇ ಎಂದು ನೋಡಿ, ಆಗಿದ್ದರೆ ಅಚ್ಚಕನ್ನಡದಲ್ಲಿ 'ಸೊನ್ನೆಯಿಂದ ಭಾಗಿಸಲಾಗದು' ಎಂದು ತಿಳಿಸುವ ಸಾಲನ್ನು ನಾವೇ ಬರೆಯಬೇಕು.

ಋಣ ಸಂಖ್ಯೆಯ ಭಾಗಾಕಾರಕ್ಕೂ ನಾವೇ ನಿರ್ಧಾರ ಕೊಡಬೇಕು. ಮೈನಸ್ ಏಳನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧ ಮೈನಸ್ ಮೂರೋ, ಮೈನಸ್ ನಾಲ್ಕೋ? ಎರಡಕ್ಕೂ ಜಿಎಂಪಿಯಲ್ಲಿ ಬೇರೆ ಬೇರೆ ಫಂಕ್ಷನ್ ಇದೆ. ವಾರದ ಲೆಕ್ಕ ಮಾಡುವಾಗ ಇದರ ಬೆಲೆ ತಿಳಿಯುತ್ತದೆ. ಭಾನುವಾರ ಸೊನ್ನೆ, ಸೋಮವಾರ ಒಂದು ಎಂದಿಟ್ಟುಕೊಳ್ಳಿ. ಸೋಮವಾರದಿಂದ ಐದು ದಿನ ಹಿಂದಕ್ಕೆ ಹೋದರೆ ಮೈನಸ್ ನಾಲ್ಕು. ಏಳರಿಂದ ಭಾಗಿಸಿದ ಶೇಷ ಮೂರು ಎಂದು ಬಂದರೆ ಬುಧವಾರ ಸಿಗುತ್ತದೆ. ಮೈನಸ್ ನಾಲ್ಕು ಎಂದೇ ಬಂದರೆ ಅಂಥ ವಾರ ಯಾವ ಪಂಚಾಂಗದಲ್ಲೂ ಇಲ್ಲ.

ಮತ್ತೊಂದು, 2 ಪ್ಲಸ್ 3 ಇಂಟು 4 ಎಂದು ಒಂದೇ ಸಾಲಿನಲ್ಲಿ ಬರೆದರೆ ಉತ್ತರ 14 ಬರಬೇಕು, 20 ಬರಬಾರದು. 100 ಮೈನಸ್ 30 ಮೈನಸ್ 20 ಎಂದರೆ 50 ಬರಬೇಕು, 90 ಬರಬಾರದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ತೀರ್ಮಾನವನ್ನು ಮೂರು ಫಂಕ್ಷನ್‌ಗಳಲ್ಲಿ ಹಂಚಬಹುದು. ಮೊದಲನೆಯದು ಕೂಡುವ, ಕಳೆಯುವ ಚಿಹ್ನೆಗಳನ್ನು ನೋಡಿಕೊಳ್ಳುತ್ತದೆ, ಪ್ರತಿ ತುಂಡಿಗೂ ಎರಡನೆಯದನ್ನು ಕರೆಯುತ್ತದೆ. ಎರಡನೆಯದು ಗುಣಾಕಾರ, ಭಾಗಾಕಾರ ನೋಡಿಕೊಳ್ಳುತ್ತದೆ, ಅದು ಮೂರನೆಯದನ್ನು ಕರೆಯುತ್ತದೆ. ಮೂರನೆಯದು ಸಂಖ್ಯೆಯನ್ನು ಓದುತ್ತದೆ. ಆವರಣ ಚಿಹ್ನೆ ಕಂಡರೆ ಮತ್ತೆ ಮೊದಲನೆಯದನ್ನೇ ಕರೆಯುತ್ತದೆ. ಇದನ್ನೂ ಎರವಲು ತರಬಹುದು, ಅಂಥ ಲೈಬ್ರರಿಗಳೂ ಇವೆ. ಆದರೆ ಇದನ್ನು ಮಾತ್ರ ಮಕ್ಕಳೇ ಬರೆಯಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫಂಕ್ಷನ್ ಒಂದು ಸುತ್ತಿ ಬಂದು ತನ್ನನ್ನೇ ಕರೆಯುವುದು ಎಂದರೇನು ಎಂಬುದು ಇಲ್ಲಿ ಅರ್ಥವಾದಷ್ಟು ಸಲೀಸಾಗಿ ಬೇರೆಲ್ಲೂ ಅರ್ಥವಾಗುವುದಿಲ್ಲ.

ಉತ್ತರವನ್ನು ತೋರಿಸುವ ರೀತಿಯಲ್ಲಿ ನಮ್ಮತನ ಇರಲಿ. ನಾವು ಎಣಿಸುವುದು ಸಾವಿರ, ಲಕ್ಷ, ಕೋಟಿಯಲ್ಲಿ. ಬಲಗಡೆಯಿಂದ ಮೊದಲು ಮೂರಂಕಿ ಬಿಟ್ಟು ಒಂದು ಅಲ್ಪವಿರಾಮ, ಆಮೇಲೆ ಎರಡೆರಡು ಅಂಕಿಗೆ ಒಂದೊಂದು. ಉತ್ತರ ಹೇಗೂ ಅಕ್ಷರಗಳ ಸಾಲಾಗಿ ಬಂದಿದೆ, ಹಿಂದಿನಿಂದ ಮುಂದಕ್ಕೆ ನಡೆಯುತ್ತಾ ಅಲ್ಪವಿರಾಮ ಸೇರಿಸಿದರಾಯಿತು. ಮಹಾವೀರನ ಸರ ಆಗ 12,34,56,54,321 ಎಂದು ನಿಲ್ಲುತ್ತದೆ. ಕನ್ನಡ ಅಂಕಿಗಳೂ ಸುಲಭ. ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆಯ ಸಂಖ್ಯೆ 3302. ಯಾವುದೇ ಅಂಕಿಗೆ 3302 ಕೂಡಿಸಿ, ಆ ಸಂಖ್ಯೆಯ ಅಕ್ಷರವನ್ನು ಅಚ್ಚು ಮಾಡಿದರೆ ೧೨,೩೪,೫೬,೫೪,೩೨೧ ಎಂದು ಪರದೆಯ ಮೇಲೆ ಮೂಡುತ್ತದೆ. ಇದೇ ಅಲ್ಪವಿರಾಮಗಳನ್ನು ಇನ್‌ಪುಟ್‌ನಲ್ಲೂ ಜನ ಒತ್ತುತ್ತಾರೆ ಎಂಬುದು ನೆನಪಿರಲಿ. 'ಸೆಟ್ ಸ್ಟ್ರಿಂಗ್' ಅಲ್ಪವಿರಾಮವನ್ನು ಒಪ್ಪುವುದಿಲ್ಲ, ಮೈನಸ್ ಒಂದನ್ನು ಹಿಂದಿರುಗಿಸಿ ಇದು ಸಂಖ್ಯೆಯಲ್ಲ ಎನ್ನುತ್ತದೆ. ಮೊದಲು ಅವನ್ನು ಕಿತ್ತುಹಾಕಿ ಕೊಡಬೇಕು. ಆ ಫಂಕ್ಷನ್ ಹಿಂದಿರುಗಿಸಿದ್ದನ್ನು ಪ್ರತಿ ಸಲವೂ ನೋಡಬೇಕು. ಸೊನ್ನೆ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಇಷ್ಟೆಲ್ಲ ಯಾಕೆ, ಪೈಥಾನ್ ಭಾಷೆಯಲ್ಲಿ ದೊಡ್ಡ ಪೂರ್ಣಾಂಕಗಳು ತಾವಾಗಿಯೇ ಬರುತ್ತವಲ್ಲ ಎಂದು ಕೆಲವರು ಕೇಳುತ್ತಾರೆ. ಮಾತು ನಿಜ. ಬೇಗ ಉತ್ತರ ಬೇಕಾದವರು ಪೈಥಾನ್ ಬಳಸಲಿ. ಕಲಿಯುವವರ ಸಂಗತಿ ಬೇರೆ. ಪೈಥಾನ್‌ನಲ್ಲಿ 32 ಬಿಟ್‌ನ ಮಿತಿ ಕಣ್ಣಿಗೇ ಬೀಳುವುದಿಲ್ಲ, ಮೆಮೊರಿ ಕೇಳುವುದು ಕೊಡುವುದು ಕಾಣುವುದಿಲ್ಲ, ಒಂದು ಭಾಷೆ ಇನ್ನೊಂದಕ್ಕೆ ವಿಳಾಸ ಕೊಡುವುದು ಗೊತ್ತೇ ಆಗುವುದಿಲ್ಲ. ಬೇಸಿಕ್‌ನಲ್ಲಿ ಮಿತಿಗೆ ಮುಟ್ಟಿ, ತಪ್ಪು ಉತ್ತರ ನೋಡಿ, ಲೈಬ್ರರಿಯನ್ನು ಕೈಯಾರೆ ಜೋಡಿಸಿದ ವಿದ್ಯಾರ್ಥಿ ನಾಳೆ ಯಾವ ಭಾಷೆಗೆ ಹೋದರೂ ಒಳಗೆ ನಡೆಯುವುದು ಏನು ಎಂದು ಬಲ್ಲವನಾಗಿರುತ್ತಾನೆ.

ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಲೈಬ್ರರಿಯನ್ನು ಮೊದಲ ದಿನವೇ ಕೈಗೆ ಕೊಡಬೇಡಿ. ಐವತ್ತು ಅಂಕಿಗಳ ಎರಡು ಸಂಖ್ಯೆಗಳನ್ನು ಸ್ಟ್ರಿಂಗ್ ಆಗಿ ಓದಿ, ಬಲಗಡೆಯಿಂದ ಒಂದೊಂದೇ ಅಂಕಿ ಕೂಡಿಸಿ, ದಶಕ ಹೊತ್ತು ಮುಂದೆ ಸಾಗುವ ಫಂಕ್ಷನ್ ಅನ್ನು ಮಕ್ಕಳೇ ಬರೆಯಲಿ. ಮೂರನೆಯ ತರಗತಿಯಲ್ಲಿ ಕಲಿತ ಸಂಕಲನವೇ ಅದು. ಅದು ಸರಿಯಾಗಿ ಓಡಿದ ಮೇಲೆ ಜಿಎಂಪಿ ಜೋಡಿಸಿ, ಒಂದೇ ಲೆಕ್ಕವನ್ನು ಎರಡರಿಂದಲೂ ಮಾಡಿಸಿ, ಉತ್ತರ ಹೋಲಿಸಿ. ಆಮೇಲೆ ನೂರರ ಫ್ಯಾಕ್ಟೋರಿಯಲ್ ಕೇಳಿ. ಒಟ್ಟು 158 ಅಂಕಿ ಬರಬೇಕು, ಕೊನೆಯಲ್ಲಿ 24 ಸೊನ್ನೆ ಇರಬೇಕು. ಸೊನ್ನೆಗಳ ಲೆಕ್ಕವನ್ನು ಕಂಪ್ಯೂಟರ್ ಇಲ್ಲದೆಯೇ ಹೇಳಬಹುದು: ನೂರರೊಳಗೆ ಐದರ ಗುಣಕಗಳು 20, ಅವುಗಳಲ್ಲಿ ಇಪ್ಪತ್ತೈದರ ಗುಣಕಗಳಾದ ನಾಲ್ಕರಿಂದ ಇನ್ನೂ ಒಂದೊಂದು ಐದು ಸಿಗುತ್ತದೆ. ಮಕ್ಕಳು ಆ ಲೆಕ್ಕವನ್ನು ಮೊದಲು ಹಾಳೆಯ ಮೇಲೆ ಮಾಡಿಟ್ಟುಕೊಳ್ಳಲಿ, ಆಮೇಲೆ ಪ್ರೋಗ್ರಾಂ ಓಡಿಸಲಿ.